ಸಾವಿನ ಮನೆಗೆ ಬಂದ ಸಿನಿಮಾ ಹಾಡು

ಹೊಸಕೋಟೆಯ ಒಂದು ಬ್ಯಾಂಡ್ ಸೆಟ್‌ನಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಕ್ಲಾರಿನೆಟ್ ಊದುತ್ತಿದ್ದೇನೆ. ಮದುವೆ, ಗಣೇಶನ ಮೆರವಣಿಗೆ, ಚುನಾವಣೆ ಗೆದ್ದವರ ಮೆರವಣಿಗೆ, ಸಾವು, ಯಾವುದಕ್ಕೆ ಕರೆದರೂ ಹೋಗುತ್ತೇವೆ. ಮದುವೆ ಮನೆಗೆ ಒಂದಷ್ಟು ಹಾಡು, ಸಾವಿನ ಮನೆಗೆ ಬೇರೆ ಒಂದಷ್ಟು ಹಾಡು ಎಂದು ಮೊದಲಿನಿಂದಲೂ ಒಂದು ಕ್ರಮವಿತ್ತು. ಯಾರೂ ಬರೆದಿಟ್ಟದ್ದಲ್ಲ, ಆದರೆ ಯಾರೂ ಮೀರಿರಲಿಲ್ಲ. ಈಚೆಗೆ ಬಂದ ಒಂದು ಸಿನಿಮಾ ಅದನ್ನೆಲ್ಲ ಒಂದೇ ತಿಂಗಳಲ್ಲಿ ಕಲಸಿಬಿಟ್ಟಿತು.

ಅದು ಹರೆಯದ ಹುಡುಗ ಹುಡುಗಿಯ ಪ್ರೇಮದ ಕಥೆ. ಹುಡುಗ ಕೊಳಲು ಊದುತ್ತಾನೆ, ಹುಡುಗಿ ಹಾಡುತ್ತಾಳೆ. ಇಬ್ಬರೂ ಪಿಯುಸಿ ಓದುತ್ತಾರಂತೆ, ಆದರೆ ಎರಡೂವರೆ ಗಂಟೆಯಲ್ಲಿ ಅವರು ಪುಸ್ತಕ ತೆರೆದದ್ದನ್ನು ನಾನು ಕಾಣಲಿಲ್ಲ. ಕೊನೆಗೆ ಹುಡುಗ ಸಾಯುತ್ತಾನೆ. ಸಾಯುವ ಮುಂಚೆ ಅವನು ಊದುವ ಹಾಡು ಮೊದಲ ವಾರ ಕಾಲೇಜು ಮಕ್ಕಳ ಫೋನಿನಲ್ಲಿತ್ತು, ಎರಡನೇ ವಾರ ಆಟೋಗಳಲ್ಲಿ ಕೇಳಿಸಿತು, ಮೂರನೇ ವಾರ ಈರುಳ್ಳಿ ಮಾರುವ ಗಾಡಿಯ ಮೈಕಿಗೂ ಬಂತು. ನಾಲ್ಕನೇ ವಾರ ಒಂದು ಮದುವೆಯ ಹೆಣ್ಣು, ತಾನು ಮಂಟಪಕ್ಕೆ ನಡೆದು ಬರುವಾಗ ಅದೇ ಹಾಡು ಬೇಕೆಂದು ಹೇಳಿಕಳಿಸಿದಳು. ನಮ್ಮ ಸೆಟ್ಟಿನ ಮೇಷ್ಟ್ರು, ಟ್ರಂಪೆಟ್ ಊದುವ ಹಿರಿಯರು, ನನ್ನನ್ನು ಕರೆದು ಸಿನಿಮಾ ನೋಡಿಕೊಂಡು ಬರಲು ಹೇಳಿದರು. ಫೋನಿನಲ್ಲಿ ಕೇಳಿ ಕಲಿತರೆ ಸ್ವರ ಬರುತ್ತದೆ, ಭಾವ ಬರುವುದಿಲ್ಲ ಎನ್ನುವುದು ಅವರ ಲೆಕ್ಕಾಚಾರ.

ನನ್ನ ತಮ್ಮನ ಮಗಳು ಸೆಕೆಂಡ್ ಪಿಯುಸಿ. ಆಗಲೇ ಅದನ್ನು ಮೂರು ಸಲ ನೋಡಿದ್ದಳು. ಮೂರು ಸಲವೂ ಕಣ್ಣು ಊದಿಸಿಕೊಂಡು ಮನೆಗೆ ಬಂದು, ಊಟಕ್ಕೆ ಕರೆದ ತಾಯಿಗೆ, ಇಂಥ ಹೊತ್ತಿನಲ್ಲಿ ನಿಮಗೆಲ್ಲ ಮುದ್ದೆ ಹೇಗೆ ಇಳಿಯುತ್ತೆ ಎಂದು ಕೇಳಿದ್ದಳಂತೆ. ನಾನು ಹೋಗುವುದು ತಿಳಿದದ್ದೇ ನಾಲ್ಕನೇ ಸಲಕ್ಕೆ ಹೊರಟಳು. ಬಸ್ಸಿನಲ್ಲಿ ಕೂತು ನನಗೆ ಎಲ್ಲೆಲ್ಲಿ ಅಳಬೇಕು ಎನ್ನುವುದನ್ನು ಸಾವಕಾಶವಾಗಿ ವಿವರಿಸಿದಳು.

"ಇಂಟರ್ವಲ್‌ಗೆ ಮುಂಚೆ ಮಾತ್ರ ಅಳ್ಬೇಡಿ ದೊಡ್ಡಪ್ಪ," ಎಂದಳು. "ಆಮೇಲಕ್ಕೆ ಏನೂ ಉಳಿಯಲ್ಲ."

ಮಧ್ಯಾಹ್ನದ ಆಟ. ಥಿಯೇಟರು ತುಂಬಿತ್ತು. ನನ್ನ ಬಲಕ್ಕೆ ತಮ್ಮನ ಮಗಳು, ಎಡಕ್ಕೆ ಗಡ್ಡ ಟ್ರಿಮ್ ಮಾಡಿಸಿಕೊಂಡ ಒಬ್ಬ ಯುವಕ. ಹೆಸರು ಬೀಳುವಾಗಲೇ ಹಿಂದಿನ ಸಾಲಿನಲ್ಲಿ ಯಾರೋ ಮೂಗು ಸೇದಿದರು. ನೆಗಡಿ ಇರಬೇಕೆಂದುಕೊಂಡೆ. ಇಂಟರ್ವಲ್ಲಿನ ಹೊತ್ತಿಗೆ ಅರ್ಧ ಊರಿಗೆ ನೆಗಡಿ ಬಂದಿತ್ತು. ಹುಡುಗರು ಬಜ್ಜಿ ತಿನ್ನುತ್ತಾ, ಮುಂದಿನ ಅರ್ಧ ತಮ್ಮಿಂದ ತಡೆಯಲಾಗುವುದಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು, ಬೆಲ್ ಹೊಡೆದದ್ದೇ ಓಡಿ ಬಂದು ಕೂತರು.

ಎರಡನೇ ಅರ್ಧದಲ್ಲಿ ಡಾಕ್ಟರು ಹುಡುಗನ ಶ್ವಾಸಕೋಶ ಪೂರ್ತಿ ಹಾಳಾಗಿದೆ ಎಂದರು. ಥಿಯೇಟರು ಒಂದೇ ಬಾಯಲ್ಲಿ "ಅಯ್ಯೋ" ಎಂದಿತು. ಅದಾದ ಹತ್ತೇ ನಿಮಿಷಕ್ಕೆ ಅವನು ಆಸ್ಪತ್ರೆಯ ಹಾಸಿಗೆಯಿಂದೆದ್ದು, ಕಾಲೇಜಿನ ವೇದಿಕೆ ಹತ್ತಿ, ಕೊಳಲು ತುಟಿಗಿಟ್ಟ. ಇಪ್ಪತ್ತೆರಡು ವರ್ಷ ಊದಿ ಊದಿ ನನ್ನ ಕೆನ್ನೆಗಳು ಜೋತುಬಿದ್ದಿವೆ. ಬೀಡಿ ಸೇದಿದವನಲ್ಲ, ಆದರೂ ಒಂದು ಚರಣ ಮುಗಿಯುವುದರೊಳಗೆ ನಾಲ್ಕು ಕಡೆ ಉಸಿರೆಳೆಯುತ್ತೇನೆ. ಆ ಹುಡುಗ ಇಡೀ ಪಲ್ಲವಿಯನ್ನು ಒಂದೇ ಉಸಿರಿನಲ್ಲಿ ಊದಿ ಮುಗಿಸಿದ. ನನಗೆ ಅಳು ಬರಲಿಲ್ಲ, ಹೊಟ್ಟೆಕಿಚ್ಚಾಯಿತು.

ಅಷ್ಟರಲ್ಲಿ ಎಡಗಡೆಯ ಯುವಕ ನನ್ನ ತೊಡೆ ತಟ್ಟಿ ತನ್ನ ಫೋನು ಕೊಟ್ಟ.

"ಅಂಕಲ್, ಒಂಚೂರ್ ಹಿಡ್ಕೊಳಿ. ಈಗ ಅಳೋ ಸೀನ್ ಬರುತ್ತೆ, ನಾನ್ ಅಳೋದು ವಿಡಿಯೋದಲ್ಲಿ ಬೀಳ್ಬೇಕು."

ಹಿಡಿದುಕೊಂಡೆ. ಅವನು ಒಳ್ಳೆಯ ಹುಡುಗ, ಮರ್ಯಾದೆಯಿಂದ ಕೇಳಿದ್ದ. ಪರದೆಯ ಬೆಳಕು ಮುಖಕ್ಕೆ ಬೀಳುವಂತೆ ಕುತ್ತಿಗೆ ತಿರುಗಿಸಿ ಅಳಲು ಶುರು ಮಾಡಿದ. ಮೊದಲ ಸಲ ಪರದೆ ಕತ್ತಲಾಗಿ ಮುಖ ಕಾಣಲಿಲ್ಲ. ಎರಡನೇ ಸಲ ಮುಂದಿನ ಸಾಲಿನ ಹೆಂಗಸು ಎದ್ದು ಅಡ್ಡ ಬಂದರು. ಮೂರನೇ ಸಲ ಬೆಳಕೂ ಇತ್ತು, ಕಣ್ಣೀರೂ ಬಂತು, ನಾನೇ ಗುಂಡಿ ಒತ್ತಿರಲಿಲ್ಲ. ಅವನು ಬೇಜಾರು ಮಾಡಿಕೊಳ್ಳದೆ ನಾಲ್ಕನೇ ಸಲವೂ ಅತ್ತ. ಅದು ಚೆನ್ನಾಗಿ ಬಂತು. ತೋರಿಸಿದಾಗ ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿದ. ಇಬ್ಬರೂ ತಲೆಯೆತ್ತಿ ನೋಡಿದರೆ ಪರದೆಯ ಮೇಲಿನ ಹುಡುಗ ಸತ್ತು, ಫೋಟೋಗೆ ಹಾರ ಬಿದ್ದಾಗಿತ್ತು.

ಹೊರಗೆ ಗೇಟಿನ ಬಳಿ ಯಾವುದೋ ಯೂಟ್ಯೂಬ್ ಚಾನೆಲ್ಲಿನವನು ಮೈಕು ಹಿಡಿದು ನಿಂತಿದ್ದ. ಒಬ್ಬ ಹುಡುಗ, ಈ ಸಿನಿಮಾ ತನ್ನ ಜೀವನವನ್ನೇ ಬದಲಾಯಿಸಿತು, ಇನ್ನು ಮೇಲೆ ಅಪ್ಪನ ಜೊತೆ ಮಾತಾಡುತ್ತೇನೆ ಎಂದ. ಅವನು ಹೇಳುತ್ತಿರುವಾಗಲೇ ಅಪ್ಪನ ಫೋನು ಬಂತು, ಕಟ್ ಮಾಡಿದ. ನನ್ನ ತಮ್ಮನ ಮಗಳಿಗೆ ಮೈಕು ಕೊಟ್ಟಾಗ ಅವಳು ತಲೆಯಾಡಿಸಿ ಬಿಕ್ಕಿದಳು. ನಾಲ್ಕನೇ ಸಲವೂ ಅಷ್ಟು ಅಳು ಬರುವುದೆಂದರೆ ಅದೇನು ಸಣ್ಣ ವಿಷಯವಲ್ಲ. ನನ್ನನ್ನು ಕೇಳಿದಾಗ, ಹುಡುಗನ ದಮ್ಮು ಚೆನ್ನಾಗಿತ್ತು ಎಂದೆ. ಚಾನೆಲ್ಲಿನವನು ಮೈಕು ಹಿಂದಕ್ಕೆಳೆದುಕೊಂಡ. ಬಸ್ಸಿನಲ್ಲಿ ತಮ್ಮನ ಮಗಳು ನನ್ನ ಪಕ್ಕ ಕೂರದೆ ಹಿಂದಿನ ಸೀಟಿಗೆ ಹೋದಳು.

ಹಾಡನ್ನು ಕೊನೆಗೆ ಫೋನಿನಲ್ಲೇ ಕೇಳಿ ಕಲಿತೆ. ಮದುವೆಯಲ್ಲಿ ಊದಿದೆವು. ಹೆಣ್ಣು ಕಣ್ಣೊರೆಸಿಕೊಳ್ಳುತ್ತಾ ನಡೆದು ಬಂದಳು. ಗಂಡಿನ ಕಡೆಯವರು ಇದೇನು ಬಲವಂತದ ಮದುವೆಯೋ ಎಂದು ಗಾಬರಿಯಾದರು.

ಅದಾದ ಮೇಲೆ ನಮ್ಮ ಪಕ್ಕದ ವಿಜಯಪುರದ ಕಡೆಯ ಒಂದು ಹಳ್ಳಿಯಿಂದ ಸಾವಿಗೆ ಕರೆ ಬಂತು. ತೀರಿಕೊಂಡವರು ಎಂಬತ್ತೆಂಟು ದಾಟಿದ ಯಜಮಾನರು. ಹಿಂದಿನ ದಿನ ಕೂಡ ಹಿಪ್ಪುನೇರಳೆ ತೋಟಕ್ಕೆ ನೀರು ಬಿಟ್ಟು, ಉಂಡು ಮಲಗಿ, ಬೆಳಗ್ಗೆ ಏಳದೆ ಹೋದವರು. ನಾವು ಹೋಗುವ ಹೊತ್ತಿಗೆ ಬೀದಿಯ ತುದಿಯಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಾಗಿತ್ತು. ಯಜಮಾನರ ಮುಖಕ್ಕಿಂತ ಕೆಳಗಿನ ಮೊಮ್ಮಕ್ಕಳ ಮುಖಗಳು ಸ್ವಲ್ಪ ದೊಡ್ಡದಾಗಿಯೇ ಇದ್ದವು.

ದೊಡ್ಡ ಮೊಮ್ಮಗ ಬಂದು ಆ ಹಾಡು ಬೇಕೆಂದ. ಅದು ಪ್ರೇಮದ ಹಾಡು, ತಾತನಿಗೆ ಹೊಂದುವುದಿಲ್ಲ ಎಂದು ಮೇಷ್ಟ್ರು ಮೆತ್ತಗೆ ಹೇಳಿ ನೋಡಿದರು.

"ಲಾಸ್ ಲಾಸೇ ಅಲ್ವಾ ಅಣ್ಣ," ಎಂದ ಅವನು.

ಶುರು ಮಾಡಿದೆವು. ಅಲ್ಲಿಯವರೆಗೆ ಶಾಮಿಯಾನದ ಕೆಳಗೆ ಕಾಫಿ ಕುಡಿಯುತ್ತಿದ್ದ ಮೊಮ್ಮಕ್ಕಳು ಮರಿಮಕ್ಕಳೆಲ್ಲ ಎರಡನೇ ಸಾಲಿಗೇ ಕರಗಿಹೋದರು. ಆ ಅಳುವನ್ನು ನಾನು ಥಿಯೇಟರಿನಲ್ಲಿ ನೋಡಿದ್ದೆ. ಅದೇ ಕಡೆ ಶುರು, ಅದೇ ಕಡೆ ಬಿಕ್ಕು. ಇಬ್ಬರು ಫೋನು ಹಿಡಿದರು, ಉಳಿದವರು ತಬ್ಬಿಕೊಂಡರು.

ಯಜಮಾನರ ತಲೆಯ ಬಳಿ ಅವರ ಹೆಂಡತಿ ಕೂತಿದ್ದರು. ಬೆಳಗಿನಿಂದ ಅಜ್ಜಿ ಒಂದು ಹನಿಯೂ ಕಣ್ಣೀರು ಹಾಕಿಲ್ಲ, ಎದೆ ಕಲ್ಲಾಗಿಬಿಟ್ಟಿದೆ, ಹೀಗಾದರೆ ಏನಾದರೂ ಹೆಚ್ಚುಕಡಿಮೆ ಆದೀತು ಎಂದು ಸೊಸೆಯಂದಿರು ಆತಂಕದಿಂದ ಮಾತಾಡಿಕೊಳ್ಳುತ್ತಿದ್ದರು. ಹಾಡು ಮುಗಿದಾಗ ಅಜ್ಜಿ ನನ್ನನ್ನು ಕೈಸನ್ನೆ ಮಾಡಿ ಕರೆದರು. ಬೈಯುತ್ತಾರೆಂದುಕೊಂಡು ಹೋಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ.

"ಇದ್ಯಾವ್ ಹಾಡಪ್ಪಾ? ಮಕ್ಳು ಹಿಂಗ್ ಅಳ್ತಾವಲ್ಲ," ಎಂದರು.

ಸಿನಿಮಾದ್ದು ಎಂದೆ. ಅದರಲ್ಲಿ ಯಾರು ಸಾಯುತ್ತಾರೆ ಎಂದು ಕೇಳಿದರು. ಒಬ್ಬ ಹುಡುಗ, ಹದಿನೆಂಟು ವರ್ಷ ಎಂದೆ. ಅಜ್ಜಿ ಸೆರಗು ಸರಿಮಾಡಿಕೊಂಡು ನನ್ನ ಕಡೆ ಪೂರ್ತಿ ತಿರುಗಿದರು. ಏನಾಗಿತ್ತು ಅವನಿಗೆ, ಎಲ್ಲಿಗೆ ತೋರಿಸಿದರು, ಬೆಂಗಳೂರಿಗೆ ಕರಕೊಂಡು ಹೋಗಲಿಲ್ಲವೇ ಎಂದು ಒಂದೊಂದೇ ಕೇಳಿದರು. ನನಗೆ ತಿಳಿದಷ್ಟು ಹೇಳಿದೆ. ಕೊನೆಯ ಭಾಗ ನಾನೇ ಸರಿಯಾಗಿ ನೋಡಿರಲಿಲ್ಲವಾದ್ದರಿಂದ ಅಲ್ಲಿ ಸ್ವಲ್ಪ ಕಟ್ಟಿ ಹೇಳಬೇಕಾಯಿತು.

"ತಾಯಿ ಇದ್ಲಾ?"

ಒಂದೇ ಒಂದು ಸೀನಿನಲ್ಲಿ ಅವಳು ಮಗನಿಗೆ ಬುತ್ತಿ ಕಟ್ಟಿದ್ದು ನೆನಪಾಯಿತು. ಇದ್ದಳು ಎಂದೆ.

"ಒಬ್ನೇ ಮಗನಾ?"

ಹೌದೆಂದೆ. ಅಜ್ಜಿಯ ಕೆಳದುಟಿ ಅದುರಿತು. "ಅಯ್ಯೋ ನನ್ನಪ್ಪ, ಅವಳ್ ಹೆಂಗ್ ತಡ್ಕೊಂಡ್ಳೋ" ಎಂದು ಸೆರಗನ್ನು ಬಾಯಿಗಿಟ್ಟುಕೊಂಡು ಅತ್ತರು. ಮೆಲ್ಲಗೆ ಶುರುವಾದದ್ದು ಮೈಯೆಲ್ಲ ಅಲುಗುವಷ್ಟಾಯಿತು. ಸೊಸೆಯಂದಿರು ಓಡಿ ಬಂದರು. ಅತ್ತೆ ಅತ್ತರು, ಸದ್ಯ ಅತ್ತರು ಎಂದು ಹಿರಿಯ ಸೊಸೆ ದೇವರಿಗೆ ಕೈಮುಗಿದಳು. ಫೋನು ಹಿಡಿದಿದ್ದ ಇಬ್ಬರೂ ಇತ್ತ ತಿರುಗಿದರು. ಆ ಗದ್ದಲದಲ್ಲಿ ಅಜ್ಜಿ ನನ್ನ ಕಡೆ ಬಾಗಿ, ನನಗೊಬ್ಬನಿಗೇ ಕೇಳುವಂತೆ ಹೇಳಿದರು: "ನಮ್ಮೆಜಮಾನ್ರು ಎಲ್ಲಾ ಉಂಡು, ಎಲ್ಲಾ ನೋಡಿ ಹೋದ್ರಪ್ಪ. ಅವ್ರಿಗೆ ಏನಂತ ಅಳ್ಲಿ?"

ನಾನು ಎದ್ದು ಬಂದು, ನಮ್ಮ ಹಳೆಯ ಹಾಡೊಂದನ್ನು ಎತ್ತಿಕೊಂಡೆ. ಮಣ್ಣು ಮಾಡುವ ತನಕ ಅದನ್ನೇ ಊದಿದೆವು.

ಹನ್ನೊಂದನೇ ದಿನದ ಊಟಕ್ಕೆ ನಮ್ಮ ಸೆಟ್ಟಿನವರನ್ನೂ ಕರೆದಿದ್ದರು. ಪಂಕ್ತಿಯಲ್ಲಿ ಕೂತಿದ್ದಾಗ ದೊಡ್ಡ ಮೊಮ್ಮಗ ಬಂದು ತನ್ನ ಫೋನು ತೋರಿಸಿದ. ಅಜ್ಜಿ ಅಳುವ ವಿಡಿಯೋಗೆ ಆ ಹಾಡನ್ನು ಸೇರಿಸಿ ಹಾಕಿದ್ದ. ಇದು ನಿಜವಾದ ಪ್ರೀತಿ, ಇಂಥ ಗಂಡ ಹೆಂಡತಿ ಈಗೆಲ್ಲಿ ಸಿಗುತ್ತಾರೆ ಎಂದು ಗೊತ್ತಿಲ್ಲದ ಊರಿನವರೆಲ್ಲ ಬರೆದಿದ್ದರು. ಒಡೆದ ಹೃದಯದ ಚಿತ್ರಗಳು ಒಂದರ ಕೆಳಗೊಂದು ಸಾಲಾಗಿದ್ದವು. ನಾನು ಮುದ್ದೆ ಮುರಿಯುತ್ತಾ, ಚೆನ್ನಾಗಿ ಬಂದಿದೆ ಎಂದೆ.

ಊಟ ಮುಗಿಸಿ ಹೇಳಿ ಹೋಗಲು ಅಜ್ಜಿಯ ಬಳಿ ಹೋದೆ. ಜಗಲಿಯ ಮೇಲೆ ಕೂತು ಎಲೆಯಡಿಕೆ ಕುಟ್ಟುತ್ತಿದ್ದರು. ಆ ಸಿನಿಮಾ ಇನ್ನೂ ಓಡುತ್ತಿದೆಯಾ ಎಂದು ಕೇಳಿದರು. ಓಡುತ್ತಿದೆ ಎಂದೆ. ಅಲ್ಲೇ ನಿಂತಿದ್ದ ಮೊಮ್ಮಗನ ಕಡೆ ತಿರುಗಿ, ತಿಂಗಳು ಕಳೆದ ಮೇಲೆ ತನ್ನನ್ನು ಒಂದು ಸಲ ಕರಕೊಂಡು ಹೋಗಲು ಹೇಳಿದರು. ಆ ಹುಡುಗನನ್ನು ಒಂದು ಸಲ ನೋಡಬೇಕು ಎಂದರು.

ಮೊಮ್ಮಗ ಪಕ್ಕದಲ್ಲಿ ಕೂತು ಅಜ್ಜಿಯ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಬೇಡ ಅಜ್ಜಿ," ಎಂದ. "ಅಷ್ಟೊಂದ್ ದುಃಖ ತಡ್ಕೊಳ್ಳೋ ವಯಸ್ಸಲ್ಲ ನಿಂದು."