ತೂಕ ನೋಡಿ ತಂದ ಸ್ಪೀಕರ್

ನಾನು ಹುಡುಗಿಯಾಗಿದ್ದಾಗ ಬಳ್ಳಿಗಾವಿ ಹತ್ತಿರದ ನಮ್ಮೂರಲ್ಲಿ ಟೇಪ್ ರೆಕಾರ್ಡರ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಯಾರೋ ಬಳಸಿ ಬಿಟ್ಟ ಹಳೆಯ ಡಬ್ಬ. ಮೊಮ್ಮಕ್ಕಳೇ, ನಾನು ಎದುರು ನಿಂತು ಹೇಳುವವಳಲ್ಲ, ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ನನ್ನ ಅಜ್ಜಿಗೆ ಕಿವಿ ಮಂದವಾಗಿತ್ತು. ಅವಳ ತಂಗಿ ಸೊರಬದಲ್ಲಿ ಹಾಸಿಗೆ ಹಿಡಿದಿದ್ದಳು. ಅಪ್ಪ ಅಲ್ಲಿಗೆ ಹೋಗಿ, ಅವಳಿಂದ ಬೀಸುವ ಪದ ಹಾಡಿಸಿ ಕ್ಯಾಸೆಟ್ಟಿಗೆ ತುಂಬಿಕೊಂಡು ಬಂದರು. ಹಾಕಿದರೆ ಅಜ್ಜಿಗೆ ಏನೂ ತಿಳಿಯಲಿಲ್ಲ.

“ತುಟಿ ನೋಡಿದ್ರೆ ತಿಳೀತಿತ್ತು ಕಣೋ. ಈ ಡಬ್ಬಕ್ಕೆ ತುಟೀನೇ ಇಲ್ಲ” ಅಂದಳು.

ದೊಡ್ಡ ಸ್ಪೀಕರ್ ತರಲು ಅಪ್ಪ ಶಿಕಾರಿಪುರಕ್ಕೆ ಹೊರಟರು, ಜೊತೆಗೆ ನಾನು. ಅಪ್ಪ ಅಲ್ಲಿಯ ಮಂಡಿಯಲ್ಲಿ ಭತ್ತ ತೂಗುವವರು. ಚೀಲ ಎತ್ತಿ ನೋಡಿಯೇ ಒಳಗಿನ ಕಾಳು ಗಟ್ಟಿಯೋ ಜಳ್ಳೋ ಹೇಳುತ್ತಿದ್ದರು. ಅಂಗಡಿಯಲ್ಲಿ ನಮ್ಮ ಕೈಗೆ ಎಟುಕುವಂಥವು ಎರಡೇ ಪೆಟ್ಟಿಗೆ. ಸಣ್ಣದರಲ್ಲಿ ಅಂಗಡಿಯವನು ಹಾಕಿದ ಹಾಡು ನೀರಿನ ಹಾಗೆ ತಿಳಿಯಾಗಿತ್ತು. ದೊಡ್ಡದಕ್ಕೆ ಮೂರು ಕಪ್ಪು ಬಾಯಿ, ಸುತ್ತ ಕೆಂಪು ದೀಪ. ಅಪ್ಪ ಎರಡನ್ನೂ ಎತ್ತಿ ನೋಡಿದರು.

“ಈ ಸಣ್ಣದು ಜಳ್ಳು, ಆ ದೊಡ್ಡದು ಗಟ್ಟಿ. ಅದನ್ನೇ ಕೊಡ್ರಿ.”

ಇದನ್ನು ಹಾಕಿ ನೋಡಲಿ ಎಂದು ನಾನು ಬೀಸುವ ಪದದ ಕ್ಯಾಸೆಟ್ ಮುಂದೆ ಹಿಡಿದೆ. “ಅದನ್ನ ಮನೇಲಿ ಹಾಕೋಣ ತಗಾ” ಅಂದು, ಅಪ್ಪ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದರು.

ಮನೆಯಲ್ಲಿ ಹಾಕಿದಾಗ ಅಜ್ಜಿ ಪೆಟ್ಟಿಗೆಗೆ ಕಿವಿ ಕೊಟ್ಟವಳು ಹಿಂದೆ ಸರಿದಳು. “ಯಾವನೋ ಅವನು, ಕೊಡದೊಳಗೆ ಬಾಯಿಟ್ಟು ಕೆಮ್ಮೋನು? ನನ್ನ ತಂಗಿ ಎಲ್ಲಿ?”

ಅಪ್ಪ ಪೆಟ್ಟಿಗೆಯ ಬೆನ್ನು ಬಿಚ್ಚಿದರು. ಮೂರು ಬಾಯಲ್ಲಿ ಎರಡು ಬರೀ ಬಣ್ಣ ಬಳಿದ ಮುಚ್ಚಳ. ತಳದಲ್ಲಿ ಸಿಮೆಂಟಿನ ಹೆಂಟೆ, ಗೋಣಿತಾಟು ಸುತ್ತಿ ಅಂಟಿಸಿದ್ದು. ಆ ಕೊಳೆತ ಅಂಟಿನ ವಾಸನೆಯನ್ನು ನಾನು ಇನ್ನೂ ಮರೆತಿಲ್ಲ.

ಮಾರನೆಯ ದಿನ ಪೆಟ್ಟಿಗೆ ವಾಪಸ್ ಒಯ್ದರೆ ಅಂಗಡಿಯವನು ಎದ್ದೂ ನಿಲ್ಲಲಿಲ್ಲ. “ತೂಕ ನೋಡಿ ತಗೊಂಡೋರು ನೀವು. ತೂಕದಾಗ ಏನರ ಮೋಸ ಆಗೇತೇನ್ರಿ?”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಊರೆಲ್ಲ ನಂಬುವ ಕೈ ಅಪ್ಪನದು. ಅವರು ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಬಸ್ಸಿಗೆ ನಡೆದರು. ಆ ನಗುವಿನಷ್ಟು ಹೊಲಸು ಸದ್ದನ್ನು ನಾನು ಮತ್ತೆ ಕೇಳಿಲ್ಲ.

ಮನೆಗೆ ಬಂದವರೇ ಹಳೆಯ ಡಬ್ಬವನ್ನು ಅಜ್ಜಿಯ ತೊಡೆಯ ಮೇಲಿಟ್ಟರು. ಅಮ್ಮನ ಒನಕೆ ನಿಲ್ಲಿಸಿದರು. ಕುಂಟೆಬಿಲ್ಲೆ ಆಡುತ್ತಿದ್ದ ನಮ್ಮ ಬಾಯಿ ಮುಚ್ಚಿಸಿದರು. ಕೊಟ್ಟಿಗೆಯಲ್ಲಿ ಹಸು ಕೂಗುತ್ತಿತ್ತು, ಹೊತ್ತಲ್ಲದ ಹೊತ್ತಲ್ಲಿ ಕರು ಬಿಟ್ಟರು. ಮನೆ ತಣ್ಣಗಾಯಿತು. ಅಜ್ಜಿ ಡಬ್ಬಕ್ಕೆ ಕಿವಿ ಒತ್ತಿದಳು. ತುಸು ಹೊತ್ತಿಗೆ ಅವಳ ತುಟಿ ಅಲುಗಿತು.

“ಒಂದು ಸಾಲು ನುಂಗಿದ್ಲು ಕಳ್ಳಿ” ಅಂದು, ಬಿಟ್ಟ ಸಾಲನ್ನು ತಾನೇ ಹಾಡಿದಳು. ಕರುವೇ ಕುಡಿದು, ಅವತ್ತು ಸಂಜೆ ನಮಗೆ ಹಾಲಿರಲಿಲ್ಲ. ಯಾರೂ ಕೇಳಲಿಲ್ಲ.

ಈಗ ನೀವು ಹೋಂ ಥಿಯೇಟರ್ ಆರಿಸುತ್ತಿದ್ದೀರಿ. “ಈ ದುಡ್ಡಿಗೆ ಇಷ್ಟು ವಾಟ್ ಯಾರೂ ಕೊಡಲ್ಲ ಅಜ್ಜಿ” ಅಂತೀರಿ. ಮೊನ್ನೆ ಅಂಗಡಿಗೆ ಕರೆದೊಯ್ದು ಒಂದನ್ನು ಹಾಕಿಸಿ ತೋರಿಸಿದಿರಿ. ಕಿಟಕಿಯ ಗಾಜು ಅದುರಿತು, ಮಾತೊಂದೂ ತಿಳಿಯಲಿಲ್ಲ, ನನಗೆ ಅದೇ ಅಂಟು ಮೂಗಿಗೆ ಬಡಿದಂತಾಯಿತು. ನಿಮ್ಮ ವಾಟೂ ಆ ಸಿಮೆಂಟಿನ ಹೆಂಟೆಯೇ. ಅಂಗಡಿಯವನ ಹಾಡು ಬೇಡ, ನಿಮಗೆ ಗುರುತಿರುವ ಒಂದು ದನಿ ಹಾಕಿಸಿ. ಅವರೇ ಎದುರಿಗಿದ್ದಾರೆ ಅನ್ನಿಸಿದರೆ ಸಣ್ಣ ಪೆಟ್ಟಿಗೆಯೇ ಸಾಕು.

ತಂದ ಮೇಲಾದರೂ ಏನು ಕೇಳುತ್ತೀರಿ? ಟಿವಿ, ಮಿಕ್ಸಿ, ಕೈಗೊಂದು ಫೋನು, ಎಲ್ಲ ಒಟ್ಟಿಗೆ ಅರಚುವ ಮನೆ ಇದು. ಒಂದು ಮುದುಕಿಗೆ ಕೇಳಿಸಲಿ ಅಂತ ಕರು ಬಿಡುವವರು ಇಲ್ಲಿ ಯಾರೂ ಇಲ್ಲ.