ಜೋಳದ ಪರ ನಿಂತ ಬಾಟನಿ ಮೇಡಂ

ಬಾಟನಿ ಮೇಡಂ ಅವರ ಉಗುರುಸಂದಿಯಲ್ಲಿ ಸದಾ ನೀಲಿ ಇರುತ್ತಿತ್ತು. ಎಮ್ಮಿಗನೂರಿನ ಬಿಳಿ ಕೈಮಗ್ಗದ ಸೀರೆಯ ಸೆರಗಿನಲ್ಲೂ ಅದೇ ಕಲೆ. ಮದುವೆಮನೆಗೂ ಹಾಗೇ ಬರುವವರು. ಯಾರಾದರೂ ಮೂಗು ಮುರಿದರೆ, "ಮೈಲುತುತ್ತ ಅದು, ಪಾಪ ಅಲ್ಲ. ಹತ್ತಿದ್ರ ಹತ್ತಲಿ ಬಿಡ್ರಿ" ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಕೊನೆ. ಆದೋನಿಯ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾನು ಡೆಮಾನ್‌ಸ್ಟ್ರೇಟರ್. ಪಾಠ ಮುಗಿದ ಮೇಲೆ, ಬಣ್ಣ ಎಷ್ಟು ಗಾಢವೆಂದು ಅಳೆಯುವ ನಮ್ಮ ಕಲರಿಮೀಟರ್ ಮುಂದೆ ಮೇಡಂ ಬಂದು ಕೂರುವರು; ಪಿಎಚ್.ಡಿ. ಮಾಡುತ್ತಿದ್ದರು. ಮೊಳಕೆಯ ಭಾಗ ಕೊಯ್ದು ತೆಗೆದ ಬೀಜಕ್ಕೆ ಜಿಬ್ಬರೆಲಿನ್ ಎಂಬ ಹಾರ್ಮೋನು ಹಾಕುವುದೆಂದರೆ 'ಏಳು' ಎಂದು ಕರೆದಂತೆ. ಕರೆ ಕೇಳಿದ ಬೀಜ ಹೊಸ ಪ್ರೋಟೀನನ್ನು ನೀರಿಗೆ ಬಿಡುತ್ತದೆ. ಆ ನೀರಿಗೆ ಮೈಲುತುತ್ತವನ್ನೂ ಇನ್ನೊಂದೆರಡು ರಾಸಾಯನಿಕಗಳನ್ನೂ ಬೆರೆಸಿದರೆ ನೀಲಿ ಏರುತ್ತದೆ; ಗಾಢವಾದಷ್ಟೂ ಪ್ರೋಟೀನು ಹೆಚ್ಚು. ಬಾರ್ಲಿಯಲ್ಲಿ ಇದು ಆಗಲೇ ಗೊತ್ತಿದ್ದ ಸಂಗತಿ. ಮೇಡಂ ಹಿಡಿದದ್ದು ಜೋಳ. "ತಿನ್ನೂದು ಜ್ವಾಳ, ಪುಸ್ತಕದಾಗ ಬರೀ ಬಾರ್ಲಿ. ಇದ್ಯಾವ ನ್ಯಾಯರೀ?" ಎಂದು ಡಬ್ಬಿಯ ರೊಟ್ಟಿ ಮುರಿಯುತ್ತಾ ರೇಗುವರು.

ಆ ಜೋಳವೇ ಕೈಕೊಟ್ಟಿತು. ಹಾರ್ಮೋನು ಹಾಕಿದರೂ ಬಿಟ್ಟರೂ ಒಂದೇ ತಿಳಿನೀಲಿ. ಆದೋನಿಯ ನೀರು ಸರಿಯಿಲ್ಲ, ಹೆಂಗಸಿನ ಕೈ ಸರಿಯಿಲ್ಲ ಎಂದರು ಅವರ ಗೈಡು. ಮೇಡಂ ಅದೇ ನೀರಿನಲ್ಲಿ, ಅದೇ ಕೈಯಲ್ಲಿ ಬಾರ್ಲಿಯನ್ನೂ ಪರೀಕ್ಷಿಸಿ, ಗೈಡು ಊರಿಗೆ ಬಂದ ದಿನ ಎರಡೂ ನಳಿಕೆಗಳನ್ನು ಮುಂದಿಟ್ಟರು. ಬಾರ್ಲಿ ಕಡುನೀಲಿ, ಜೋಳ ತಿಳಿ.

ಗೈಡು ಕಣ್ಣೆತ್ತಿಯೂ ನೋಡಲಿಲ್ಲ. "ಜ್ವಾಳದ ಗ್ರಾಫೂ ಮ್ಯಾಲಕ್ಕ ಏರ್ಸಿ ಬರ್ದುಬಿಡಮ್ಮ. ಯಾರು ನೋಡ್ತಾರ? ನಿನಗ ಡಾಕ್ಟರೇಟ್ ಬೇಕೋ ಬ್ಯಾಡೋ?"

ಮೇಡಂ ಎದ್ದು ನಿಂತರು. "ಕೇಳದ ಕರೆ ಕೇಳೈತಿ ಅಂತ ಜ್ವಾಳದ ಹೆಸರಾಗ ನಾ ಸುಳ್ಳು ಹೇಳಂಗಿಲ್ರಿ ಸರ್. ನಿಮ್ಮ ಡಾಕ್ಟರೇಟ್ ನಿಮ್ಮ ಹತ್ರನೇ ಇರ್ಲಿ."

ಪಿಎಚ್.ಡಿ. ಅಲ್ಲಿಗೇ ನಿಂತಿತು. ಅವರಿಗಿಂತ ಕಿರಿಯರು ಡಾಕ್ಟರಾದರು, ಪ್ರಿನ್ಸಿಪಾಲರಾದರು. ಮೇಡಂ ಮಾತ್ರ ವರ್ಷವರ್ಷವೂ ಹೊಸ ಹುಡುಗಿಯರೆದುರು ಅವೇ ಎರಡು ಬೀಜ ಪರೀಕ್ಷಿಸಿ, "ಕಂಡಿದ್ದು ಬರೀರಿ. ಬೇಕಾದ್ದಲ್ಲ" ಎನ್ನುತ್ತಿದ್ದರು. ನಾನು ಬೆನ್ನು ನೆಟ್ಟಗೆ ಮಾಡಿ ನಿಲ್ಲಲು ಕಲಿತದ್ದು ಆ ಮಾತಿನಿಂದಲೇ.

ಎಂಬತ್ತರ ದಶಕ ಮುಗಿಯುವ ಮೊದಲೇ, ಕೆಲಸದಲ್ಲಿರುವಾಗಲೇ ತೀರಿಕೊಂಡರು. ಸಂತಾಪ ಸಭೆಯ ದಿನ ಸಹೋದ್ಯೋಗಿಯೊಬ್ಬರು ಕಪ್ಪುಹಲಗೆಯ ಮೇಲೆ ಅವರ ಹೆಸರಿಗೆ 'ಡಾ.' ಸೇರಿಸಿ ಬರೆದರು. ನಾನು ಎದ್ದು ಹೋಗಿ ಅದನ್ನು ಅಂಗೈಯಿಂದ ಒರೆಸಿದೆ.

"ಇರ್ಲಿ ಬಿಡಮ್ಮ, ಗೌರವಕ್ಕ ಬರ್ದೀನಿ" ಎಂದರು ಅವರು.

"ಬದುಕಿದ್ದಾಗ ಅವ್ರು ಒದ್ದು ಬಂದಿದ್ದನ್ನ ಸತ್ತ ಮ್ಯಾಲ ಕೊಡಾಕ ನಾವ್ಯಾರ್ರೀ?" ಎಂದೆ.

ಅಂಗೈ ತುಂಬ ಸೀಮೆಸುಣ್ಣ ಹತ್ತಿತ್ತು. ತೊಳೆಯದೆ ಹಾಗೇ ಮುಂದಿನ ಸಾಲಿನಲ್ಲಿ ಕೂತೆ.