ಮೀನಿನ ಪೆಟ್ಟಿಗೆಯಲ್ಲಿ ಪಿಸ್ತೂಲು

ಇದನ್ನು ಹೇಳಬೇಕು, ಹೇಳಬೇಕು ಎಂದುಕೊಂಡೇ ಮುಂದೆ ಹಾಕುತ್ತ ಬಂದಿದ್ದೇನೆ. ಮೊದಲು ಬೇಸಿಗೆ ಕಳೆಯಲಿ ಎಂದೆ. ಮಸ್ಕತ್ತಿನಲ್ಲಿ ಅದು ಬಹಳ ಒಳ್ಳೆಯ ನೆಪ, ಯಾಕೆಂದರೆ ಇಲ್ಲಿ ಬೇಸಿಗೆ ಕಳೆಯುವುದೇ ಇಲ್ಲ. ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡು ಬರೆಯೋಣ ಎಂದೆ. ಪೊರೆಯೂ ಹೋಯಿತು. ಈಗ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ. ತೊಂದರೆ ಇರುವುದೇ ಅಲ್ಲಿ. ಆದ್ದರಿಂದ ಹೇಳಿಬಿಡುತ್ತೇನೆ: ಒಂದು ಕಾಲದಲ್ಲಿ ನಾನು ಜೇಬಿನಲ್ಲಿ ಪಿಸ್ತೂಲು ಇಟ್ಟುಕೊಂಡು ಮೀನು ಹಿಡಿಯಲು ಹೋಗುತ್ತಿದ್ದೆ.

ಗಾಬರಿಯಾಗಬೇಡಿ. ಅದು ಸಿಗರೇಟು ಹಚ್ಚುವ ಲೈಟರು. ಆದರೆ ಆಕಾರ, ಬಣ್ಣ, ತೂಕ ಎಲ್ಲ ಅಸಲಿಯದೇ. ಕುದುರೆ ಎಳೆದರೆ ತುದಿಯಲ್ಲಿ ದೀಪದ ಬತ್ತಿಯಷ್ಟು ಬೆಂಕಿ. ವಾದಿ ಕಬೀರ್ ಬಡಾವಣೆಯ ನಮ್ಮ ಕೋಣೆಯಲ್ಲಿದ್ದ ಒಬ್ಬ ವೀಸಾ ರದ್ದಾಗಿ ಊರಿಗೆ ಹೋಗುವಾಗ ಬಿಟ್ಟುಹೋದದ್ದು. ಇಲ್ಲಿಂದ ಹೋಗುವವರು ಕುಕ್ಕರು, ಚಾಪೆ, ಅರ್ಧ ಬಾಟಲಿ ತೆಂಗಿನೆಣ್ಣೆ ಬಿಟ್ಟುಹೋಗುತ್ತಾರೆ. ಇವನು ಪಿಸ್ತೂಲು ಬಿಟ್ಟುಹೋದ. ನಾನೋ ಸಿಗರೇಟು ಸೇದದವನು. ಆದರೂ ಕನ್ನಡಿಯ ಮುಂದೆ ಅದನ್ನು ಹಿಡಿದು ನಿಂತಾಗ, ಘಾಲಾದ ಗೋದಾಮಿನಲ್ಲಿ ದಿನವಿಡೀ ಪೈಪು ಎಣಿಸುವ ಸ್ಟೋರ್ ಕೀಪರ್ ಕೋಟ್ಯಾನ್ ಕಾಣಲಿಲ್ಲ. ಬೇರೆ ಯಾರೋ ಕಂಡ. ಅವನು ನನಗೆ ಹಿಡಿಸಿದ.

ಅದೇ ಸಮಯಕ್ಕೆ ಮೊಬೈಲಿನಲ್ಲಿ ಒಂದು ವೀಡಿಯೊ ಬಂತು. ಅಮೆರಿಕದ ಯಾವುದೋ ನದಿಯಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತ ಒಬ್ಬ, ಗಾಳ ಹಾಕುವವನು ಯಾಕೆ ಪಿಸ್ತೂಲು ಇಟ್ಟುಕೊಳ್ಳಬೇಕು ಎಂದು ವಿವರಿಸುತ್ತಿದ್ದ. ಅಲ್ಲಿ ಕರಡಿ ಬರುತ್ತದಂತೆ, ಕೆಟ್ಟ ಮನುಷ್ಯರೂ ಬರುತ್ತಾರಂತೆ. ಒಮಾನಿನಲ್ಲಿ ಕರಡಿ ಇಲ್ಲ. ಸರಿಯಾಗಿ ಹೇಳಬೇಕೆಂದರೆ ನದಿಯೂ ಇಲ್ಲ. ಇರುವುದು ವಾದಿ: ಬೆಟ್ಟದ ನಡುವಿನ ಕಲ್ಲಿನ ಹಾದಿ, ಮಳೆ ಬಂದಾಗ ಹೊಳೆ, ಉಳಿದಂತೆ ಅಲ್ಲೊಂದು ಇಲ್ಲೊಂದು ಮಡು. ಅದು ಸಮುದ್ರ ಸೇರುವ ಅಳಿವೆಯಲ್ಲಿ ಮಾತ್ರ ಒಳ್ಳೆಯ ಮೀನು. ನಾನು ಮೊಗವೀರರ ಮನೆಯಲ್ಲಿ ಹುಟ್ಟಿದವನು. ಅಪ್ಪ, ಅಜ್ಜ ಕಡಲಿಗೆ ಹೋದವರು. ನಾನು ಮಾತ್ರ ದೋಣಿ ಹತ್ತಿದರೆ ವಾಂತಿ ಮಾಡುತ್ತಿದ್ದೆ. ಅದಕ್ಕೇ ಹೈಸ್ಕೂಲು ಮುಗಿಸಿದ್ದು. ಕುಲಕಸುಬನ್ನು ಮುದಿ ವಯಸ್ಸಿನಲ್ಲಿ, ಪರದೇಶದ ಅಳಿವೆಯಲ್ಲಿ, ದಡದ ಮೇಲೆ ಕೂತು ಕಲಿತೆ.

ಕಲಿಸಿದವರು ಒಬ್ಬ ಬ್ಯಾರಿ ಗೆಳೆಯರು. ಬರ್ಕಾದ ಒಬ್ಬ ಕಫೀಲರ, ಅಂದರೆ ವೀಸಾ ಕೊಡಿಸಿ ಕೆಲಸಕ್ಕಿಟ್ಟುಕೊಂಡ ಧಣಿಯ, ಕೈಕೆಳಗೆ ಪಿಕಪ್ಪಿನಲ್ಲಿ ಅಂಗಡಿ ಅಂಗಡಿಗೆ ಬಿಸ್ಕೀಟು ಹಂಚುವ ಕೆಲಸ ಅವರದು. ನಾನು ಅವರನ್ನು ಸಾಹೇಬ್ರೇ ಎನ್ನುತ್ತಿದ್ದೆ, ಅವರು ನನ್ನನ್ನು ಕೋಟ್ಯಾನ್ರೇ ಎನ್ನುತ್ತಿದ್ದರು. ಶುಕ್ರವಾರ ಬೆಳಿಗ್ಗೆ ಆ ಪಿಕಪ್ಪಿನಲ್ಲೇ ಹೊರಡುತ್ತಿದ್ದೆವು. ಜುಮ್ಮಾ ಹೊತ್ತಿಗೆ ಅವರು ಹತ್ತಿರದ ಹಳ್ಳಿಯ ಮಸೀದಿಗೆ ಹೋಗುವರು, ನಾನು ಎರಡೂ ಗಾಳ ಕಾಯುತ್ತ ಒಬ್ಬನೇ ಕೂರುವೆ. ನನ್ನ ಪಿಸ್ತೂಲಿಗೆ ಕೆಲಸವಿದ್ದದ್ದು ಆ ಹೊತ್ತಿನಲ್ಲಿ.

ಅದು ಒಮ್ಮೆ ಮಾತ್ರ ಬಳಕೆಗೆ ಬರುವ ಹಾಗಾಯಿತು. ಬೆಟ್ಟದ ಕಡೆಯಿಂದ ಒಬ್ಬ ಒಮಾನಿ ಮುದುಕ, ಕೈಯಲ್ಲಿ ಕೋಲು, ನೇರ ನನ್ನ ಕಡೆಗೇ ಬಂದ. ನಾನು ಬಲಗೈಯನ್ನು ಜೇಬಿಗೆ ಇಳಿಸಿದೆ. ಆತ ಸಲಾಂ ಹೇಳಿ ಪಕ್ಕದಲ್ಲೇ ಕೂತು, ಚೀಲದಿಂದ ಖರ್ಜೂರದ ಡಬ್ಬಿ ತೆಗೆದು ಮುಂದೆ ಚಾಚಿದ. ಬಲಗೈ ಪಿಸ್ತೂಲಿನ ಮೇಲಿದ್ದ ಕಾರಣ ನಾನು ಎಡಗೈ ಮುಂದೆ ಮಾಡಿದೆ. ಎಡಗೈಯಲ್ಲಿ ಅನ್ನ ಮುಟ್ಟುವ ಮನುಷ್ಯನನ್ನು ಆತ ಅಷ್ಟು ವಯಸ್ಸಿನವರೆಗೆ ಕಂಡಿರಲಿಲ್ಲವೇನೋ; ನನ್ನ ಬಲಗೈಗೆ ಏನೋ ಊನವಿದೆ ಎಂದು ಮರುಗಿ, ಬೀಜ ತೆಗೆದು ಇನ್ನೊಂದು ಹಣ್ಣು ಕೊಟ್ಟ. ಕರಡಿಯ ಬದಲು ಕರುಣೆ ಬಂದರೆ ಏನು ಮಾಡಬೇಕೆಂದು ಆ ವೀಡಿಯೊದಲ್ಲಿ ಹೇಳಿರಲಿಲ್ಲ.

ಸಾಹೇಬರಿಗೆ ಇದನ್ನು ಹೇಳಿದಾಗ ಪಿಕಪ್ಪು ನಿಲ್ಲಿಸಿ ನಕ್ಕರು. "ಬಿಸಾಡಿ ಮಾರಾಯ್ರೇ ಅದನ್ನು. ಒಂದು ದಿನ ಅದು ನಿಮ್ಮನ್ನೇ ಸುಡ್ತದೆ."

ನಾನು ಬಿಸಾಡಲಿಲ್ಲ.

ಈಗ ಇನ್ನೊಂದು ವಿಷಯ ಹೇಳಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗದು. ನಮ್ಮ ಕಡೆ ಮೀನು ಒಯ್ಯುವವರು ಜೊತೆಗೆ ಕಬ್ಬಿಣದ ಚೂರೊಂದನ್ನು ಇಟ್ಟುಕೊಳ್ಳುತ್ತಾರೆ. ಕತ್ತಿ, ಮೊಳೆ, ಕೊನೆಗೆ ಬೀಗದ ಕೈಯಾದರೂ ಸರಿ. ಇಲ್ಲವಾದರೆ ಮೀನಿನ ವಾಸನೆಗೆ ಕುಲೆ, ಅಂದರೆ ಸತ್ತವರ ಪ್ರೇತ, ಹಿಂದೆಯೇ ಮನೆಗೆ ಬರುತ್ತದೆ ಎಂದು ನಂಬಿಕೆ. ಅಮ್ಮ ಬುಟ್ಟಿಗೆ ಕತ್ತಿ ಹಾಕದೆ ಮಟಮಟ ಮಧ್ಯಾಹ್ನ ಹೊರಟವಳಲ್ಲ. ನಾನು ಇದನ್ನೆಲ್ಲ ನಂಬುವುದಿಲ್ಲ. ನಂಬದೆಯೇ ಪ್ರತಿ ಶುಕ್ರವಾರ ಸಾಹೇಬರ ಐಸ್ ಪೆಟ್ಟಿಗೆಯಲ್ಲಿ ಮೀನಿನ ಮೇಲೆ ಕತ್ತಿ ಇಡುತ್ತಿದ್ದೆ.

"ಕೋಟ್ಯಾನ್ರೇ, ನಿಮ್ಮ ಊರಿನ ಕುಲೆ ಇಲ್ಲಿಗೆ ಹೇಗೆ ಬರ್ತದೆ? ಅದಕ್ಕೆ ವೀಸಾ ಉಂಟಾ? ಅದರ ಕಫೀಲ್ ಯಾರು?" ಎಂದು ಅವರು ಪ್ರತಿ ಸಲವೂ ಕೇಳುವರು. ಕೇಳಿದರೂ, ಪೆಟ್ಟಿಗೆ ಮುಚ್ಚುವ ಮೊದಲು ಕತ್ತಿ ಇದೆಯೇ ಎಂದು ನೋಡುವವರೂ ಅವರೇ.

ಆ ಶುಕ್ರವಾರ ನಮಗೆ ದೊಡ್ಡದೊಂದು ಕೆಂಬೇರಿ ಸಿಕ್ಕಿತು. ಸಾಹೇಬರು ಖುಷಿಯಾಗಿದ್ದರು, ಕಾರಣ ಮೀನು ಮಾತ್ರವಲ್ಲ. ಅವರ ಹೆಂಡತಿಗೆ ವಿಸಿಟ್ ವೀಸಾ ಬಂದಿತ್ತು. ಗಂಡ ಇಷ್ಟು ವರ್ಷ ದುಡಿದ ದೇಶವನ್ನು ಆಕೆ ಒಮ್ಮೆಯೂ ನೋಡಿರಲಿಲ್ಲ. ಆಕೆಯನ್ನು ಕೂರಿಸಲೆಂದು ಮಡುವಿನ ಪಕ್ಕ ನೆರಳು ಬೀಳುವ ಒಂದು ಬಂಡೆಯನ್ನು ಗುರುತು ಮಾಡಿ, ಅದರ ಮೇಲಿನ ಮರಳನ್ನು ತಮ್ಮ ಟೊಪ್ಪಿಯಿಂದ ಗುಡಿಸಿ ನೋಡಿದ್ದರು. ಈ ಸಂಭ್ರಮದಲ್ಲಿ ನಾನು ಕತ್ತಿಯನ್ನು ಕಲ್ಲಿನ ಮೇಲೆ ಮರೆತೆ, ಅವರೂ ನೋಡಲು ಮರೆತರು. ನೆನಪಾದಾಗ ನಾವು ಹೆದ್ದಾರಿಯ ಹತ್ತಿರವಿದ್ದೆವು. ಅವರು ನೀರು ತರಲು ಅಂಗಡಿಗೆ ಇಳಿದಾಗ, ನನ್ನ ಜೇಬಿನಲ್ಲಿ ಕಬ್ಬಿಣವೆಂದು ಇದ್ದದ್ದು ಅದೊಂದೇ, ಪಿಸ್ತೂಲನ್ನು ಪೆಟ್ಟಿಗೆಯಲ್ಲಿ ಕೆಂಬೇರಿಯ ಮೇಲೆ ಇಟ್ಟೆ.

ಸ್ವಲ್ಪ ಮುಂದೆ ಪೊಲೀಸರು ವಾಹನಗಳ ಕಾಗದ ನೋಡುತ್ತಿದ್ದರು. ನಮ್ಮ ಕಾಗದ ಸರಿಯಾಗಿತ್ತು. ಯುವಕ ಪೊಲೀಸ ಗಾಳದ ಕೋಲು ಕಂಡು ನಗುತ್ತ, ಮೀನು ಸಿಕ್ಕಿತಾ ಎಂದು ಕೇಳಿದ. ಮೀನು ಹಿಡಿದವನಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಭೂಮಿಯ ಮೇಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು ಹಿಂದೆ ಹೋಗಿ, ಮದುವೆಯ ಒಡವೆ ತೋರಿಸುವವರಂತೆ, ಪೆಟ್ಟಿಗೆಯ ಮುಚ್ಚಳ ತೆರೆದರು.

ಪೊಲೀಸನ ನಗು ನಿಂತಿತು. "ಇದು ಯಾರದು?" ಎಂದು ಕೇಳಿದ.

ಸಾಹೇಬರು ನನ್ನನ್ನು ನೋಡಿದರು. ಆ ನೋಟದಲ್ಲಿ ದೂರು ಇರಲಿಲ್ಲ. ಊಟಕ್ಕೆ ಕೂತವರು ಉಪ್ಪು ಆ ಕಡೆ ಉಂಟಾ ಎಂದು ನೋಡುತ್ತಾರಲ್ಲ, ಅಷ್ಟೇ. ನಾನು ಬೆಟ್ಟ ನೋಡಿದೆ. ಒಮಾನಿನ ಬೆಟ್ಟದಲ್ಲಿ ಮರವಿಲ್ಲ, ಹುಲ್ಲಿಲ್ಲ, ನೋಡುವಂಥದ್ದು ಏನೂ ಇಲ್ಲ. ಆದರೂ ನೋಡುತ್ತಲೇ ಇದ್ದೆ. ನನ್ನದು ದೊಡ್ಡ ಕಂಪನಿ. ಲೈಟರು ನನ್ನದು ಎಂದು ಹೇಳಿದ್ದರೆ ಮ್ಯಾನೇಜರ ಬೈಗಳು ತಿಂದು ಮುಗಿಯುತ್ತಿತ್ತು. ಇದು ಆಮೇಲೆ ಹೊಳೆದದ್ದು ಎಂದು ಹೇಳಿದರೆ ನಿಮಗೆ ನನ್ನ ಮೇಲೆ ಸ್ವಲ್ಪ ಗೌರವ ಉಳಿದೀತು. ಆದರೆ ಆಗಲೇ ಗೊತ್ತಿತ್ತು.

"ನನ್ನದು" ಎಂದರು ಸಾಹೇಬರು. "ಲೈಟರು."

ಪೊಲೀಸ ಒತ್ತಿ ನೋಡಿದ, ಬೆಂಕಿ ಬಂತು. ಆದರೂ ನೋಡುವುದಕ್ಕೆ ಪಿಸ್ತೂಲೇ ತಾನೇ, ಠಾಣೆಗೆ ಬರಬೇಕು ಎಂದ. ಹೊರಡುವಾಗ ಸಾಹೇಬರು ಮೀನನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ನನ್ನ ಕೈಗಿತ್ತರು. "ನೀವು ಟ್ಯಾಕ್ಸಿ ಹಿಡೀರಿ ಕೋಟ್ಯಾನ್ರೇ, ಮೀನು ಹಾಳಾಗ್ತದೆ."

ನಾನು ಟ್ಯಾಕ್ಸಿ ಹಿಡಿದೆ. ಮನೆಗೆ ಹೋಗಿ ಹುಳಿಖಾರದ ಪುಳಿಮುಂಚಿ ಮಾಡಿದೆ. ತಿಂದೆ ಕೂಡ. ಚೆನ್ನಾಗಿತ್ತು.

ಸಂಜೆಗೆ ಅವರನ್ನು ಬಿಟ್ಟರು. ಆದರೆ ಪಿಕಪ್ಪಿನ ಮೇಲೆ ಕಫೀಲರ ಅಂಗಡಿಯ ಹೆಸರಿತ್ತು. ಠಾಣೆಗೆ ಬಂದು ಸಹಿ ಹಾಕಬೇಕಾದವರೂ ಅವರೇ. ಕೆಟ್ಟ ಮನುಷ್ಯರಲ್ಲ. ಮರ್ಯಾದೆಗೆ ಅಂಜುವ ವ್ಯಾಪಾರಿ, ಅಷ್ಟೇ. ಮರುದಿನ ಅವರು ಹೇಳಿದ್ದು ಒಂದೇ ಮಾತು: ಖಲಾಸ್. ಕೆಲಸ ಹೋಯಿತು. ಗಂಡನಿಗೇ ವೀಸಾ ಇಲ್ಲದ ಮೇಲೆ ಹೆಂಡತಿಗೆ ಎಲ್ಲಿಯ ವಿಸಿಟ್? ಆಕೆ ಮಸ್ಕತ್ತು ನೋಡಲಿಲ್ಲ. ಗುಡಿಸಿದ ಬಂಡೆಯ ಮೇಲೆ ಈಗ ಮೇಕೆಗಳು ಮಲಗುತ್ತವೆ.

ವಿಮಾನ ನಿಲ್ದಾಣಕ್ಕೆ ನಾನೇ ಬಿಡಲು ಹೋದೆ. ದಾರಿಯುದ್ದಕ್ಕೂ ತಪ್ಪಾಯಿತು ಎಂದು ಹೇಳಬೇಕು, ಹೇಳಬೇಕು ಎಂದುಕೊಂಡೇ ಹೋದೆ. ನಮ್ಮಲ್ಲಿ ಗೆಳೆಯರ ನಡುವೆ ಕ್ಷಮೆ ಕೇಳುವ ಅಭ್ಯಾಸವಿಲ್ಲ. ರಸ್ತೆ ಅಗೆಯುವವರು ಬೋರ್ಡಿನಲ್ಲಿ ಕೇಳುತ್ತಾರೆ, ಕಾಲು ತುಳಿದವರು ಬಸ್ಸಿನಲ್ಲಿ ಕೇಳುತ್ತಾರೆ. ಮಿಕ್ಕವರು ಊಟ ಆಯ್ತಾ ಎಂದು ಕೇಳಿ, ಉಳಿದದ್ದು ಅವರಿಗೇ ಅರ್ಥವಾಗಲಿ ಎಂದು ಬಿಡುತ್ತೇವೆ. ನಾನೂ "ಊಟ ಆಯ್ತಾ ಸಾಹೇಬ್ರೇ?" ಎಂದೆ. "ಆಯ್ತು" ಎಂದರು. ಐಸ್ ಪೆಟ್ಟಿಗೆಯನ್ನು ನನ್ನ ಕಾಲ ಬಳಿ ಇಟ್ಟರು. "ಇದು ನಿಮಗೇ ಇರಲಿ. ಆದರೆ ಇನ್ನು ಇದರಲ್ಲಿ ಮೀನು ಮಾತ್ರ ಇಡಿ, ಆಯ್ತಾ?" ನಕ್ಕರು. ನಾನೂ ನಕ್ಕೆ. ನಗಬಾರದಿತ್ತು.

ಅವರು ಈಗಲೂ ದೀಪಾವಳಿಗೆ ಫೋನ್ ಮಾಡುತ್ತಾರೆ, ನಾನು ಈದ್ ಹಬ್ಬಕ್ಕೆ ಮಾಡುತ್ತೇನೆ. ಊರಲ್ಲಿ ಬಂಗುಡೆಗೆ ಎಷ್ಟು ಎಂದು ಕೇಳುತ್ತೇನೆ, ಹೇಳುತ್ತಾರೆ. ಪಿಸ್ತೂಲಿನ ಮಾತು ಅವರು ಎತ್ತುವುದಿಲ್ಲ. ಅದು ಅವರ ದೊಡ್ಡತನವೆಂದು ನಾನೂ ಎತ್ತುವುದಿಲ್ಲ. ಇನ್ನೊಬ್ಬರ ದೊಡ್ಡತನದ ನೆರಳು ನಮ್ಮ ಸಣ್ಣತನಕ್ಕೆ ಎಷ್ಟು ತಂಪಾಗಿರುತ್ತದೆ ನೋಡಿ.

ಆತ್ಮರಕ್ಷಣೆಗೆಂದು ಇಟ್ಟುಕೊಂಡದ್ದು ನನ್ನನ್ನು ಚೆನ್ನಾಗಿಯೇ ರಕ್ಷಿಸಿತು. ಆ ವಿಷಯದಲ್ಲಿ ನನ್ನ ದೂರಿಲ್ಲ. ಕೆಲಸ ಉಳಿಯಿತು, ಇಲ್ಲೇ ಇದ್ದೇನೆ. ಈಗಲೂ ಅಳಿವೆಯಿಂದ ಬರುವಾಗ ಅವರ ಪೆಟ್ಟಿಗೆಯಲ್ಲಿ ಮೀನಿನ ಜೊತೆ ಒಂದು ಮೊಳೆ ಇಡುತ್ತೇನೆ. ಆದರೂ ಹಿಂದೆ ಯಾರೋ ಬಂದಂತಾಗುತ್ತದೆ. ಮೀನಿನ ಹಿಂದೆ ಬರುವವರು ಸತ್ತವರೇ ಆಗಬೇಕಾಗಿಲ್ಲ, ಊರಲ್ಲಿ ಗಟ್ಟಿಮುಟ್ಟಾಗಿ ಬಂಗುಡೆ ಕೊಳ್ಳುತ್ತಿರುವವರೂ ಬರಬಹುದು ಎಂಬುದನ್ನು ಅಮ್ಮ ಹೇಳಿರಲಿಲ್ಲ.

ಇಷ್ಟೆಲ್ಲ ಬರೆದು ಒಮ್ಮೆ ಓದಿ ನೋಡಿದೆ. ನನ್ನ ಹೆಸರಿದೆ, ಮೀನಿನ ಹೆಸರೂ ಇದೆ. ಅವರದು ಮಾತ್ರ ಎಲ್ಲ ಕಡೆ ಸಾಹೇಬರು. ಹೆಸರೆತ್ತದೆ ತಪ್ಪು ಒಪ್ಪಿಕೊಳ್ಳುವುದೂ ಬೆಟ್ಟ ನೋಡಿದ ಹಾಗೆಯೇ. ಆ ದಿನ ಪೊಲೀಸ ಕೇಳಿದ್ದಕ್ಕೆ ಉತ್ತರ: ಅದು ನನ್ನದು. ನನ್ನದು ಎಂದವರು ಇಸ್ಮಾಯಿಲ್.